ನಡುಮನೆ ಗೋಡೆಗೆ ಸಾಸಿವೆ ಹಳದಿಯೋ, ನವಿಲು ನೀಲಿಯೋ? (ಕೆಂಪು ಗಾರೆ ನೆಲ, ಉತ್ತರದ ಕಿಟಕಿ)

ಗಾರೆನೆಲ

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ನಮ್ಮ ಮಾವನವರು ಎಪ್ಪತ್ತರ ದಶಕದಲ್ಲಿ ಕಟ್ಟಿಸಿದ ಮನೆ. ನಡುಮನೆ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನೆಲ ಕೆಂಪು ಗಾರೆ, ಅದನ್ನು ಯಾರೂ ಮುಟ್ಟಕೂಡದು ಅಂತ ಅತ್ತೆಯವರ ಕಟ್ಟಪ್ಪಣೆ. (ನನಗೂ ಅದೇ ಬೇಕಿತ್ತು, ಬಿಡಿ.) ಇರೋದು ಒಂದೇ ದೊಡ್ಡ ಕಿಟಕಿ, ಉತ್ತರಕ್ಕೆ. ಪೂರ್ವದ ಬಾಗಿಲು ಜಗುಲಿಗೆ ತೆರೆಯುತ್ತೆ, ಆದರೆ ಜಗುಲಿಗೆ ಶೀಟು ಇಳಿಸಿರೋದರಿಂದ ಆ ಕಡೆಯಿಂದ ಬೆಳಕು ಅಷ್ಟಕ್ಕಷ್ಟೆ.

ಈಗ ಗೋಡೆಗಿರೋದು ಮಾಸಿದ ಕೆನೆ ಬಣ್ಣ. ನನಗೆ ನವಿಲು ನೀಲಿ ಬೇಕು. ಹಸಿರಿಗೆ ಸ್ವಲ್ಪ ವಾಲಿದ, ಗಾಢವಾದ ನೀಲಿ. ನಮ್ಮ ಯಜಮಾನರಿಗೆ ಸಾಸಿವೆ ಹಳದಿ. "ಎರಡೂ ಬೇಡ, ಬಿಳಿ ಹೊಡಿಸಿ ಸುಮ್ನಿರಿ" ಅನ್ನೋದು ಅತ್ತೆ. ಅಂಗಡಿಯವರು ನಮ್ಮನೆ ಫೋಟೋದ ಮೇಲೆ ಎರಡೂ ಬಣ್ಣ ಹಾಕಿ ಕಂಪ್ಯೂಟರಲ್ಲಿ ತೋರಿಸಿದರು. ಎರಡೂ ಚೆನ್ನಾಗೇ ಕಂಡವು, ಅದೇ ಈಗ ತಲೆನೋವು. ಇಂಥ ಎದುರುಬದುರು ಬಣ್ಣಗಳ ನಡುವೆ ಆರಿಸೋದು ಹೇಗೆ? ಅನುಭವ ಇದ್ದವರು ಹೇಳಿ.

ಡಬ್ಲಿನ್ ಕನ್ನಡಿಗ

ಕಣ್ಣು ಮುಚ್ಚಿಕೊಂಡು ಹಳದಿ. ಉತ್ತರದ ಕಿಟಕಿ ಅಂದ್ರೆ ತಣ್ಣನೆಯ ನೀಲಿ ಬೆಳಕು, ನೇರ ಬಿಸಿಲು ಬರೋದೇ ಇಲ್ಲ. ಇಲ್ಲಿ ಪೇಂಟ್ ಅಂಗಡಿಗೆ ಹೋದ್ರೆ ಮೊದಲು ಕೇಳೋದೇ "ಕೋಣೆ ಯಾವ ದಿಕ್ಕಿಗೆ" ಅಂತ. ಉತ್ತರಕ್ಕಿದ್ರೆ ಬೆಚ್ಚನೆಯ ಬಣ್ಣ, ದಕ್ಷಿಣಕ್ಕಿದ್ರೆ ಏನು ಬೇಕಾದ್ರೂ. ಡಿಸೆಂಬರಲ್ಲಿ ನಾಲ್ಕು ಗಂಟೆ ದಾಟುತ್ತಲೇ ಕತ್ತಲಾಗೋ ಊರಲ್ಲಿ, ಉತ್ತರದ ಕೋಣೆಗೆ ನೀಲಿ ಹೊಡೆದ್ರೆ ಒಳಗೆ ಕೂರೋಕೇ ಮನಸ್ಸು ಬರಲ್ಲ.

ಬೆಳಕಿನ ಲೆಕ್ಕ

ಡಬ್ಲಿನ್ ಸರ್, ನೀವು ಹೇಳಿದ್ದು ನಿಮ್ಮೂರಿಗೆ ಸರಿ. ಅದು ಇರೋದು 53 ಡಿಗ್ರಿ ಅಕ್ಷಾಂಶದಲ್ಲಿ, ಮೈಸೂರು 12 ಚಿಲ್ಲರೆ. ನಮ್ಮಲ್ಲಿ ವರ್ಷಕ್ಕೆರಡು ಸಲ ಸೂರ್ಯ ನೇರ ನೆತ್ತಿಗೇ ಬರ್ತಾನೆ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆವತ್ತು ನಡುಹಗಲು ಕಂಬದ ನೆರಳೇ ಬೀಳಲ್ಲ, ಶಾಲೆ ಮಕ್ಕಳಿಗೆ ಅದನ್ನು ತೋರಿಸ್ತಾರೆ ಕೂಡ. ಮೈಸೂರಲ್ಲೂ ಅದೇ ಆಸುಪಾಸು. ಈ ಎರಡು ದಿನಗಳ ನಡುವೆ ನಡುಹಗಲ ಸೂರ್ಯ ನಮಗೆ *ಉತ್ತರಕ್ಕೇ* ಇರ್ತಾನೆ. ಅಷ್ಟೇ ಅಲ್ಲ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಅವನು ಹುಟ್ಟೋದೂ ಮುಳುಗೋದೂ ಉತ್ತರಕ್ಕೆ ವಾಲಿಕೊಂಡೇ.

ಹಾಗಾಗಿ ಗಾರೆನೆಲ ಮೇಡಂ ಅವರ ಕಿಟಕಿಗೆ ಜೂನ್ ಹೊತ್ತಿಗೆ ಬೆಳಗ್ಗೆ-ಸಂಜೆ ಓರೆ ಬಿಸಿಲು ಬಂದೇ ಬರುತ್ತೆ. ಮೋಡ ಇಲ್ಲದಿದ್ರೆ, ಎದುರಿಗೆ ಮನೆಯೋ ಮರವೋ ಇಲ್ಲದಿದ್ರೆ. ನಡುಹಗಲಿನ ಬಿಸಿಲನ್ನು ಸಜ್ಜಾ ತಡೆಯುತ್ತೆ, ಸೂರ್ಯ ಅಷ್ಟು ಎತ್ತರದಲ್ಲಿರ್ತಾನೆ. ಯೂರೋಪು-ಅಮೆರಿಕದ ವಿಡಿಯೋ ನೋಡಿ "ಉತ್ತರ ಅಂದ್ರೆ ತಂಪು ಬೆಳಕು" ಅಂತ ಬಣ್ಣ ಆರಿಸೋರನ್ನ ತುಂಬ ನೋಡಿದೀನಿ. ಕರ್ನಾಟಕಕ್ಕೆ ಆ ಸೂತ್ರ ಅರ್ಧ ವರ್ಷ ಮಾತ್ರ ಹೊಂದುತ್ತೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಆ ಕೋಣೆಯಲ್ಲಿ ನೀವು ಯಾವ ಹೊತ್ತಲ್ಲಿ ಹೆಚ್ಚು ಕೂರ್ತೀರಿ, ಆಗ ಉರಿಯೋ ದೀಪ ಯಾವುದು?

ಗಾರೆನೆಲ

ಹಗಲಲ್ಲಿ ಅತ್ತೆ ಒಬ್ಬರೇ. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಮಗ ಸ್ಕೂಲಿಗೆ. ಎಲ್ಲರೂ ಸೇರೋದು ಸಂಜೆ ಆರೂವರೆ ಮೇಲೆ. ದೀಪ ಅಂದ್ರೆ ಎಲ್‌ಇಡಿ ಟ್ಯೂಬ್‌ಲೈಟು, ಬೆಳ್ಳಗಿರೋದು. ಡಬ್ಬಿ ಮೇಲೆ 6500 ಕೆ ಅಂತಿದೆ.

ಧಾರವಾಡದಾಕಿ

ಇಷ್ಟೆಲ್ಲಾ ಲೆಕ್ಕ ಯಾಕ್ರಿ? ನಾ ಒಂದ್ ಮಾತ್ ಹೇಳ್ತೀನಿ. ಇಳಕಲ್ ಸೀರಿ ನೋಡ್ರಿ. ಮೈಗೆ ನವಿಲು ಬಣ್ಣ ಅಥವಾ ದಾಳಿಂಬ್ರಿ, ಸೆರಗಿಗೆ ಕೆಂಪು-ಬಿಳಿ. ಎಷ್ಟ್ ವಿರುದ್ಧ ಬಣ್ಣ ಅದಾವ! ಆದ್ರ ಯಾರೂ ಅರ್ಧ ಮೈ ಒಂದು, ಅರ್ಧ ಮೈ ಇನ್ನೊಂದು ಅಂತ ನೇಯಂಗಿಲ್ಲ. ಒಂದು ಯಜಮಾನಿ, ಇನ್ನೊಂದು ಅಂಚಿನ್ಯಾಗ ಇರಬೇಕು. ನಿಮ್ಮ ಮನ್ಯಾಗ ಕೆಂಪು ನೆಲ ಆಗ್ಲೇ ಒಂದು ಬಣ್ಣ ಆತು, ಅದನ್ನ ಯಾರೂ ಲೆಕ್ಕಕ್ಕ ತಗೊಂಡಿಲ್ಲ. ಅದರ ಮ್ಯಾಲೆ ನಾಕೂ ಗೋಡಿಗೆ ಹಳದಿ ಹಚ್ಚಿದ್ರ ಅರಿಶಿಣ-ಕುಂಕುಮದ ಭರಣಿ ಒಳಗ ಕೂತಂಗ ಆಗ್ತದ. ನನ್ನ ಓಟು ನೀಲಿಗೆ, ಒಂದೇ ಗೋಡಿಗೆ.

ಡಬ್ಲಿನ್ ಕನ್ನಡಿಗ

ಅರಿಶಿಣ-ಕುಂಕುಮದ ಭರಣಿ 😂 ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಕ್ಕಾ.

ಬ್ರಷ್ಷು-ಬಕೆಟ್ಟು

ನಾನು ಪೇಂಟಿಂಗ್ ಕಾಂಟ್ರಾಕ್ಟ್ ಮಾಡೋನು. ಬಣ್ಣ ಯಾವುದಾದ್ರೂ ಹೊಡೀರಿ, ಅದಕ್ಕೂ ಮುಂಚೆ ಗೋಡೆ ನೋಡಿ ಮೇಡಂ. ಹಳೇ ಮನೆ ಅಂದ್ರಲ್ಲ, ಕೆನೆ ಬಣ್ಣದ ಕೆಳಗೆ ಏನಿದೆ? ಒದ್ದೆ ಮಾಡದೆ ಅಂಗೈಯಲ್ಲಿ ಗೋಡೆನ ಜೋರಾಗಿ ಉಜ್ಜಿ. ಕೈಗೆ ಬಿಳಿ ಪುಡಿ ಅಂಟಿದ್ರೆ ಅದು ಸುಣ್ಣವೋ ಹಳೇ ಡಿಸ್ಟೆಂಪರೋ. ಅದರ ಮೇಲೆ ಎಷ್ಟು ದುಬಾರಿ ಎಮಲ್ಷನ್ ಹೊಡೆದ್ರೂ ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ. ಕೆರೆಸಿ, ಪ್ರೈಮರ್ ಹೊಡೆಸಿ, ಬೇಕಾದ ಕಡೆ ಪುಟ್ಟಿ ಎಳೆಸಿ, ಮತ್ತೆ ಪ್ರೈಮರ್, ಆಮೇಲೆ ಬಣ್ಣ.

ಇನ್ನೊಂದು. ಕಿಟಕಿ-ಬಾಗಿಲಿಗೆ, ಗೋಡೆ ಕೆಳಭಾಗಕ್ಕೆ ಹಳೇ ಕಾಲದ ಆಯಿಲ್ ಪೇಂಟ್ ಇದ್ರೆ ಒಣ ಸ್ಯಾಂಡ್‌ಪೇಪರ್ ಹಾಕಿ ಉಜ್ಜೋಕೆ ಬಿಡಬೇಡಿ. ಆಗಿನ ಪೇಂಟಲ್ಲಿ, ಅದರಲ್ಲೂ ಹಳದಿಯಲ್ಲಿ, ಸೀಸ ಇರೋದು. ಮನೆ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಲ್ಲಿ 90 ಪಾಲು, ದಾಟಬಾರದು ಅಂತ ಕೇಂದ್ರದ ನಿಯಮ ಬಂದಿದ್ದು 2016ರಲ್ಲಿ. ಜಾರಿಗೆ ಬಂದಿದ್ದು ಅದರ ಮುಂದಿನ ವರ್ಷ. ಮನೇಲಿ ಮಗು ಇದೆ ಅಂತೀರಿ. ನೀರು ಹಾಕಿಕೊಂಡೇ ಉಜ್ಜಬೇಕು, ಆ ಕೋಣೆ ಬಾಗಿಲು ಮುಚ್ಚಿರಬೇಕು, ಧೂಳು ಗುಡಿಸದೆ ಒದ್ದೆ ಬಟ್ಟೇಲಿ ಒರೆಸಬೇಕು.

ಈಗ ಬಣ್ಣದ ವಿಷಯ. ಗಾಢ ನೀಲಿಗೂ ಸಾಸಿವೆಗೂ ಅಂಗಡಿಯವನು ಮೆಷಿನ್‌ಗೆ ಇಡೋ ಬೇಸ್, ಅಂದ್ರೆ ಬಣ್ಣ ಬೆರೆಸೋಕೆ ಮುಂಚಿನ ಪೇಂಟು, ಬೇರೆ. ತಿಳಿ ಬಣ್ಣದ ಬೇಸಲ್ಲಿ ಬಿಳಿ ಪುಡಿ, ಟೈಟಾನಿಯಂ ಡೈಆಕ್ಸೈಡ್, ಜಾಸ್ತಿ ಇರುತ್ತೆ. ಕೆಳಗಿನ ಕಲೆ ಮುಚ್ಚೋದೇ ಅದು. ಗಾಢ ಬಣ್ಣಕ್ಕೆ ಬಿಳಿ ಕಮ್ಮಿ ಮಾಡಿ ಕಲರೆಂಟ್ ಜಾಸ್ತಿ ಬಿಡ್ತಾರೆ, ಅದಕ್ಕೇ ರೇಟೂ ಜಾಸ್ತಿ. ಅದರಲ್ಲೂ ಹಳದಿ ಬಲು ಸೋಮಾರಿ, ಎರಡು ಕೋಟಲ್ಲಿ ಮುಚ್ಚೋದೇ ಇಲ್ಲ, ಮೂರು ನಾಲ್ಕು ಎಳೆಯುತ್ತೆ. ನೀಲಿ ಅಡಿಗೆ ಬೂದು ಛಾಯೆಯ ಅಂಡರ್‌ಕೋಟ್ ಕೊಟ್ರೆ ಎರಡರಲ್ಲಿ ಮುಗಿಯುತ್ತೆ. 14x10 ಗೋಡೆ ಅಂದ್ರೆ 140 ಚದರಡಿ. ಎರಡು ಕೋಟಿಗೆ ಲೀಟರಿಗೆ 120ರಿಂದ 140 ಚದರಡಿ ಅಂತ ಹಿಡೀರಿ. ಒಂದೂವರೆ ಲೀಟರ್ ಒಂದೇ ಸಲ ಮಿಕ್ಸ್ ಮಾಡಿಸಿ. ಆಮೇಲೆ ಸಾಲದು ಅಂತ ಇನ್ನರ್ಧ ಲೀಟರ್ ತಂದ್ರೆ ಕೋಡ್ ಒಂದೇ ಇದ್ರೂ ಗೋಡೆ ಮೇಲೆ ಗೆರೆ ಕಾಣೋ ಸಂಭವ ಇದೆ.

ಸಾಗರದ ಸೊಸೆ

ವಿರುದ್ಧ ಬಣ್ಣ ಅಂತ ಎಲ್ಲರೂ ಹೊಸ ಫ್ಯಾಷನ್ ಥರ ಮಾತಾಡ್ತಾ ಇದೀರಿ. ನಮ್ಮ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೀತಾರೆ. ಪುಂಡಿ ನಾರಿನ ಕುಂಚ, ಕೂದಲೆಳೆಯಂಥ ಗೆರೆ. ಕರಾವಳಿಯ ಹಳೇ ದೇವಸ್ಥಾನಗಳಲ್ಲಿ ಕಾವಿ ಕಲೆ, ಅದೂ ಬಿಳಿ ಸುಣ್ಣ ಮತ್ತು ಕೆಂಪು, ಎರಡೇ. ಕೆಂಪಿನ ಪಕ್ಕ ಬಿಳಿ ಇದ್ರೆ ಎರಡೂ ಉಸಿರಾಡ್ತವೆ. ಗಾರೆನೆಲ ಅವರೇ, ನಿಮ್ಮ ಅತ್ತೆ ಹೇಳಿದ್ದರಲ್ಲಿ ವಿಷಯ ಇದೆ. ಕೆಂಪು ನೆಲ ಹಾಕಿದ ಕಾಲದಲ್ಲಿ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಹೊಡೀತಿದ್ರು, ಸುಣ್ಣದ ಹಳದಿ ಛಾಯೆ ಕಾಣದಿರಲಿ ಅಂತ. ಆ ನೆಲ ಆ ಗೋಡೆಗೆ ಅಂತಲೇ ಇದ್ದದ್ದು.

ವಾಸ್ತುಪ್ರಿಯ

ಉತ್ತರಕ್ಕೆ ಹಸಿರು ಶ್ರೇಷ್ಠ. ನವಿಲು ಬಣ್ಣದಲ್ಲಿ ಹಸಿರು ಇರುವುದರಿಂದ ನಡೆಯುತ್ತದೆ. ಹಳದಿ ಈಶಾನ್ಯಕ್ಕೆ.

ಬ್ರಷ್ಷು-ಬಕೆಟ್ಟು

ಸ್ವಾಮಿ, ನಾನು ಕೆಲಸ ಮಾಡಿದ ಮನೆಗಳಲ್ಲಿ ಇದರ ಉಲ್ಟಾ ಹೇಳಿದೋರೂ ಇದಾರೆ. ಗಿರಾಕಿ ಯಾವುದು ಹೇಳ್ತಾರೋ ನಮಗದೇ ವಾಸ್ತು.

ಬೆಳಕಿನ ಲೆಕ್ಕ

ಗಾರೆನೆಲ ಮೇಡಂ, 6500 ಕೆ ಅಂದ್ರಲ್ಲ, ನಿಮ್ಮ ತೀರ್ಮಾನದ ಬೀಗ ಇರೋದು ಅಲ್ಲೇ.

ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. ಸಂಖ್ಯೆ ಕಮ್ಮಿ ಇದ್ರೆ ಹಳದಿ ಬೆಳಕು, ಏರಿದಷ್ಟೂ ನೀಲಿ ಕಡೆಗೆ. 6500 ಕೆಲ್ವಿನ್ ಬೆಳಕಲ್ಲಿ ನೀಲಿ ಅಂಶ ಹೆಚ್ಚು. ಅದರಡಿ ಸಾಸಿವೆ ತನ್ನ ಬೆಚ್ಚಗಿನ ಗುಣ ಕಳೆದುಕೊಂಡು ಹಸಿರು ಮಿಶ್ರಿತ ಮಂಕು ಹಳದಿ ಆಗುತ್ತೆ. ಅದೇ ಸಾಸಿವೆಯನ್ನ 2700-3000 ಕೆ ಬಲ್ಬಿನಡಿ ನೋಡಿ, ತುಪ್ಪದ ಬಣ್ಣಕ್ಕೆ ತಿರುಗುತ್ತೆ. ನವಿಲು ನೀಲಿಯ ಕತೆ ತಿರುಗುಮುರುಗು: ಬೆಳ್ಳನೆ ಟ್ಯೂಬಿನಡಿ ನೀಲಿಯಾಗೇ ಉಳಿಯುತ್ತೆ, ಬೆಚ್ಚನೆ ಬಲ್ಬಿನಡಿ ಹಸಿರಿಗೆ ಜಾರಿ ಕಪ್ಪಡರುತ್ತೆ. ನಿಮ್ಮವರು ಸಾಸಿವೆ ಇಷ್ಟಪಟ್ಟಿದ್ದು ಯಾವುದೋ ಹೋಟೆಲಿನಲ್ಲೋ ಫೋಟೋದಲ್ಲೋ ನೋಡಿ ಅಂತಾದ್ರೆ, ಅಲ್ಲಿ ದೀಪ ಹಳದಿಯದೇ ಇದ್ದಿರುತ್ತೆ, ಬೇಕಾದ್ರೆ ಕೇಳಿ ನೋಡಿ.

ಡಬ್ಬಿ ಮೇಲೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತೆ. ಬಣ್ಣವನ್ನ ದೀಪ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಳತೆ, ಗರಿಷ್ಠ 100. ಸಾಧಾರಣ ಎಲ್‌ಇಡಿಗಳದ್ದು 80ರ ಸುಮಾರು. ಗೋಡೆ ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿಯೋರು 90 ದಾಟಿದ ದೀಪಕ್ಕೆ ನೂರಿನ್ನೂರು ಹೆಚ್ಚಿಗೆ ಕೊಡೋಕೆ ಯಾಕೆ ಹಿಂಜರೀತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಎಲ್‌ಆರ್‌ವಿ. ಗೋಡೆ ತನ್ನ ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಕೊಡುತ್ತೆ ಅನ್ನೋದು. ಬಿಳಿ ಪೇಂಟು 80ರ ಮೇಲೆ. ಸಾಸಿವೆ ಸಾಮಾನ್ಯವಾಗಿ 40ರ ಆಸುಪಾಸು. ಗಾಢ ನವಿಲು ನೀಲಿ 10ರ ಹತ್ತಿರ. ಅಂದ್ರೆ ನಾಲ್ಕೂ ಗೋಡೆಗೆ ನೀಲಿ ಹೊಡೆದ್ರೆ ಒಂದು ಟ್ಯೂಬ್‌ಲೈಟು ಯಾವ ಮೂಲೆಗೂ ಸಾಲಲ್ಲ. ಒಂದು ಗೋಡೆಗೆ ಹೊಡೆದು ಉಳಿದದ್ದಕ್ಕೆ ಬಿಳಿ ಅಥವಾ ಕೆನೆ ಕೊಟ್ರೆ ತೊಂದರೆ ಇಲ್ಲ. ಪೇಂಟ್ ಕಂಪನಿಗಳ ವೆಬ್‌ಸೈಟಲ್ಲಿ ಬಹಳಷ್ಟು ಶೇಡಿಗೆ ಈ ಸಂಖ್ಯೆ ಸಿಗುತ್ತೆ, ಒಮ್ಮೆ ನೋಡಿ.

ದಯವಿಟ್ಟು ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ನಿರ್ಧಾರ ಮಾಡಬೇಡಿ. ಸಣ್ಣ ಡಬ್ಬಿ ತಂದು ಎರಡಡಿ ಅಗಲದ ದಪ್ಪ ರಟ್ಟಿಗೆ ಎರಡು ಕೋಟು ಹೊಡೆದು, ಸುತ್ತ ಒಂದಿಂಚು ಬಿಳಿ ಬಿಡಿ. ಎರಡು ರಟ್ಟುಗಳನ್ನ ಒಂದರ ಪಕ್ಕ ಒಂದು ಇಡಬೇಡಿ.

ಧಾರವಾಡದಾಕಿ

ಪಕ್ಕಕ್ಕ ಯಾಕ ಇಡಬಾರದು? ಹೋಲಿಸಿ ನೋಡಾಕ ಪಕ್ಕಕ್ಕೇ ಇಡಬೇಕಲ್ಲ?

ಬೆಳಕಿನ ಲೆಕ್ಕ

ಒಳ್ಳೇ ಪ್ರಶ್ನೆ ಅಕ್ಕಾ. ಹಳದಿ ಪಕ್ಕ ನೀಲಿ ಇಟ್ರೆ ಹಳದಿ ಇನ್ನೂ ಹಳದಿ, ನೀಲಿ ಇನ್ನೂ ನೀಲಿ. ಕಣ್ಣು ವ್ಯತ್ಯಾಸವನ್ನ ಹಿಗ್ಗಿಸಿ ತೋರಿಸುತ್ತೆ. ಪ್ಯಾರಿಸ್ಸಿನ ಗೋಬ್ಲೆ ಕಾರ್ಖಾನೆಯಲ್ಲಿ, ಗೋಡೆಗೆ ತೂಗುಹಾಕೋ ಚಿತ್ರದ ಬಟ್ಟೆ ನೇಯ್ತಿದ್ದ ಜಾಗ ಅದು, 1824ರಿಂದ ಬಣ್ಣದ ವಿಭಾಗ ನೋಡಿಕೊಂಡವನು ಮಿಶೆಲ್ ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞ. ಕಪ್ಪು ದಾರ ಮಂಕಾಗಿದೆ, ಬಣ್ಣ ಸರಿ ಹಿಡಿದಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದ್ರೆ ಬಣ್ಣದಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ನೀಲಿ-ನೇರಳೆ ದಾರಗಳೇ ಕಪ್ಪನ್ನ ಹಾಗೆ ಕಾಣಿಸ್ತಿದ್ದವು. ನಿಮ್ಮ ಇಳಕಲ್ ನೇಕಾರರಿಗೆ ಇದು ಮೊದಲೇ ಗೊತ್ತಿದ್ದಿರಬೇಕು.

ಇವರ ಮನೆಯಲ್ಲಿ ಕೊನೆಗೆ ಉಳಿಯೋದು ಒಂದು ಬಣ್ಣ ಮತ್ತು ಕೆಂಪು ನೆಲ. ಹಾಗಾಗಿ ಹೋಲಿಕೆ ಮಾಡಬೇಕಾದ್ದು ನೆಲದ ಜೊತೆ. ರಟ್ಟನ್ನ ನೆಲಕ್ಕೆ ತಾಗಿಸಿ ಗೋಡೆಗೊರಗಿಸಿ ನೋಡಿ.

ಗಾರೆನೆಲ

ಮಾಡಿದೆ! ಮಗನ ಪ್ರಾಜೆಕ್ಟಿಗೆ ತಂದಿದ್ದ ರಟ್ಟಿಗೆ ಬಣ್ಣ ಬಳಿದು ಮನೆ ತುಂಬ ಓಡಾಡಿಸಿದ್ದಾಯ್ತು. ಕಂಡದ್ದನ್ನ ಕಂಡ ಹಾಗೆ ಬರೀತೀನಿ.

ಹಗಲು: ಸಾಸಿವೆ ರಟ್ಟನ್ನ ನೆಲಕ್ಕೆ ತಾಗಿಸಿಟ್ಟರೆ ಕೆಳಗಿನ ಗೇಣುದ್ದ ಕಿತ್ತಳೆ ಆಗುತ್ತೆ. ನಿಜಕ್ಕೂ ಕಿತ್ತಳೆ, ನೆಲದ ಕೆಂಪು ಮೇಲಕ್ಕೆ ಹತ್ತಿದ ಹಾಗೆ. ಧಾರವಾಡದ ಅಕ್ಕ ಹೇಳಿದ ಭರಣಿ ಕಣ್ಣ ಮುಂದೆ ಬಂತು. ನೀಲಿ ರಟ್ಟಿನ ಕೆಳಭಾಗ ಸ್ವಲ್ಪ ಮಂಕಾಗುತ್ತೆ ಅಷ್ಟೆ, ಆದರೆ ಅದರ ಪಕ್ಕ *ನೆಲ* ಚೆನ್ನಾಗಿ ಕಾಣುತ್ತೆ. ಅತ್ತೆಯವರೇ "ಈ ನೆಲಕ್ಕೆ ಇವತ್ತು ಎಣ್ಣೆ ಒರೆಸಿದ್ಯಾ?" ಅಂತ ಕೇಳಿದ್ರು. ಒರೆಸಿರಲಿಲ್ಲ.

ಸಂಜೆ ಟ್ಯೂಬ್‌ಲೈಟಲ್ಲಿ: ಲೆಕ್ಕದ ಸರ್ ಹೇಳಿದ್ದೇ ಆಯ್ತು. ಸಾಸಿವೆ ಹಳಸಿದ ಹಾಗೆ. ಯಜಮಾನರು ಪಕ್ಕದ ಕೋಣೆಯಿಂದ ಬೆಚ್ಚನೆ ಬಲ್ಬಿನ ಟೇಬಲ್ ಲ್ಯಾಂಪ್ ತಂದು ಹಿಡಿದ್ರು, ತಕ್ಷಣ ಜೀವ ಬಂತು. "ನೋಡು!" ಅಂತ ಅವರು. "ಹಾಗಾದ್ರೆ ಟ್ಯೂಬ್ ತೆಗೆಸ್ತೀರಾ?" ಅಂತ ನಾನು. ಅತ್ತೆಗೆ ಪೇಪರ್ ಓದೋಕೆ ಬೆಳ್ಳನೆ ಬೆಳಕೇ ಬೇಕು, ಅಲ್ಲಿಗೆ ಮಾತು ನಿಂತಿತು.

ಮಧ್ಯೆ ಕರೆಂಟ್ ಹೋಯ್ತು. ಪೂರ್ತಿ ಕತ್ತಲಾಗಿರಲಿಲ್ಲ. ಆಗ ನೆಲ ಕಪ್ಪಗಾಯ್ತು, ಹಳದಿ ಬೂದಿಗೆ ತಿರುಗಿತು, ನೀಲಿ ಮಾತ್ರ ಎದ್ದು ಕಾಣ್ತಿತ್ತು. ಇದೇನು ಮಾಯೆ?

ಬೆಳಕಿನ ಲೆಕ್ಕ

ಮಾಯೆ ಅಲ್ಲ, ಪುರ್ಕಿನ್ಯೆ ಪರಿಣಾಮ. 19ನೇ ಶತಮಾನದ ಚೆಕ್ ಶರೀರಶಾಸ್ತ್ರಜ್ಞನ ಹೆಸರಲ್ಲಿದೆ. ಮಬ್ಬು ಬೆಳಕಲ್ಲಿ ಕಣ್ಣಿನ ಬೇರೆ ಕೋಶಗಳು ಕೆಲಸ ಶುರು ಮಾಡ್ತವೆ, ಅವಕ್ಕೆ ಕೆಂಪು ಹೆಚ್ಚುಕಮ್ಮಿ ಕಾಣಲ್ಲ, ನೀಲಿ-ಹಸಿರು ಚೆನ್ನಾಗಿ ಕಾಣುತ್ತೆ. ಜೀರೋ ಬಲ್ಬ್ ಹಾಕಿ ಮಲಗೋ ಕೋಣೆಯಲ್ಲೂ ಇದನ್ನ ಗಮನಿಸಬಹುದು.

ಒಂದು ಎಚ್ಚರಿಕೆ. ನೀಲಿಯನ್ನ ಕಿಟಕಿ ಇರೋ ಗೋಡೆಗೇ ಹೊಡೆಯಬೇಡಿ. ಕಡುಬಣ್ಣದ ನಡುವೆ ಬೆಳಗೋ ಕಿಟಕಿ ಇದ್ರೆ ಕಣ್ಣು ಕುಕ್ಕುತ್ತೆ, ಹಗಲಲ್ಲಿ ಆ ಕಡೆ ಮುಖ ಮಾಡಿ ಕೂರೋಕೆ ಆಗಲ್ಲ. ಕಿಟಕಿ ಸುತ್ತ ತಿಳಿ ಬಣ್ಣ ಇರಲಿ. ಕಿಟಕಿಗೆ ಎದುರಿನ ಗೋಡೆಗೋ ಪಕ್ಕದ ಗೋಡೆಗೋ ನೀಲಿ.

ಸಾಗರದ ಸೊಸೆ

ಎದುರಿನ ಗೋಡೆಗೆ ಸೋಫಾನೋ ದಿವಾನವೋ ಇದೆಯಾ? ಇದ್ರೆ ತಲೆ ಎಣ್ಣೆ ಕಲೆ ಯೋಚನೆ ಮಾಡಿ. ನಮ್ಮನೇಲಿ ಮಾವ ಒರಗಿ ಕೂರೋ ಜಾಗದಲ್ಲಿ ತೆಂಗಿನೆಣ್ಣೆ ಗೋಡೆಗಿಳಿದು ಅವರ ತಲೆಯಷ್ಟೇ ದುಂಡಗಿನ ಕಲೆ ಆಗಿದೆ. ತಿಳಿ ಗೋಡೆ ಮೇಲೆ ಕಂದು ಕಲೆ, ಗಾಢ ಗೋಡೆ ಮೇಲೆ ಹೊಳೆಯೋ ಕಲೆ. ಯಾವುದರಿಂದಲೂ ತಪ್ಪಿಸಿಕೊಳ್ಳೋ ಹಾಗಿಲ್ಲ.

ಬ್ರಷ್ಷು-ಬಕೆಟ್ಟು

ಸಾಗರದ ಅಕ್ಕ ಹೇಳಿದ್ದು ನೂರಕ್ಕೆ ನೂರು. ಪೂರ್ತಿ ಮ್ಯಾಟ್ ಗಾಢ ಬಣ್ಣ ಹೊಡೆದ್ರೆ ಕೈ ಸವರಿದ ಕಡೆಯೆಲ್ಲ ಹೊಳಪಿನ ಪಟ್ಟೆ ಬೀಳುತ್ತೆ. ಸೊಳ್ಳೆ ಹೊಡೆದ ಗುರುತು, ಮಗು ಕ್ರೇಯಾನ್ ಗೀಚಿದ್ದು ಒರೆಸೋಕೆ ಹೋದ್ರೆ ಇನ್ನೂ ದೊಡ್ಡದಾಗುತ್ತೆ. ಆ ಜಾಗಕ್ಕೆ ಮಾತ್ರ ಟಚಪ್ ಮಾಡ್ತೀನಿ ಅಂದ್ರೆ ತೇಪೆ ಹಾಕಿದ್ದು ಎದ್ದು ಕಾಣುತ್ತೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆನೇ ಎಳೀಬೇಕು. ತೊಳೆಯೋಕೆ ಬರೋ, ಸ್ವಲ್ಪ ಮಿನುಗು ಇರೋ ಫಿನಿಶ್ ತಗೊಳ್ಳಿ. ಆದ್ರೆ ಮಿನುಗು ಜಾಸ್ತಿ ಇದ್ದಷ್ಟೂ ಗೋಡೆಯ ಉಬ್ಬುತಗ್ಗು ಕಾಣುತ್ತೆ, ಹಳೇ ಗಾರೆ ಗೋಡೆಗೆ ಪುಟ್ಟಿ ಕೆಲಸ ಹೆಚ್ಚು ಬೇಕಾಗುತ್ತೆ.

ಡ್ಯಾಡೋ ಯಾಕೆ ಮಾಡಬಾರದು? ಹಳೇ ಸ್ಕೂಲು, ಆಸ್ಪತ್ರೆಗಳಲ್ಲಿ ಕೆಳಗೆ ಮೂರೂವರೆ-ನಾಲ್ಕಡಿ ಗಾಢ ಆಯಿಲ್ ಪೇಂಟು, ಮೇಲೆ ತಿಳಿ ಬಣ್ಣ, ನಡುವೆ ಒಂದು ಪಟ್ಟೆ. ಜನ ನಗ್ತಾರೆ, ಆದ್ರೆ ಅದು ಕಲೆ ಬೀಳೋ ಎತ್ತರಕ್ಕೆ ಲೆಕ್ಕ ಹಾಕಿ ಮಾಡಿದ್ದು.

ಗಾರೆನೆಲ

ಡ್ಯಾಡೋಗೆ ಯಜಮಾನರು "ತಾಲ್ಲೂಕು ಆಫೀಸ್ ಆಗುತ್ತೆ" ಅಂತಿದಾರೆ. ನನಗೂ ಅಷ್ಟು ಒಪ್ಪಿಗೆ ಇಲ್ಲ, ಹತ್ತಡಿ ಎತ್ತರದ ಗೋಡೆಯನ್ನ ಅಡ್ಡ ಕತ್ತರಿಸಿದರೆ ಆ ಎತ್ತರವೇ ಹಾಳು.

ಸದ್ಯಕ್ಕೆ ಹೀಗಂದುಕೊಂಡಿದೀವಿ: ಕಿಟಕಿಗೆ ಎದುರಿನ ದಕ್ಷಿಣದ 14 ಅಡಿ ಗೋಡೆಗೆ ಮಾತ್ರ ನವಿಲು ನೀಲಿ, ತೊಳೆಯೋಕೆ ಬರೋ ಫಿನಿಶ್. ಉಳಿದ ಮೂರಕ್ಕೆ ಬಿಳಿ. ಅತ್ತೆ ಖುಷಿ. ದಿವಾನವನ್ನ ಪಶ್ಚಿಮದ ಗೋಡೆಗೆ ಸರಿಸಿ, ಹಿಂದೆ ಮರದ ಪಟ್ಟಿ ಹೊಡೆಸೋದು. ಟ್ಯೂಬ್‌ಲೈಟನ್ನ ಸಿಆರ್‌ಐ 90 ದಾಟಿದ 4000 ಕೆ ದೀಪಕ್ಕೆ ಬದಲಾಯಿಸಿ ನೋಡೋದು, ಅತ್ತೆಗೆ ಓದೋಕೆ ಬೇರೆ ಲ್ಯಾಂಪು. ಸಾಸಿವೆಯನ್ನ ಯಜಮಾನರು ತಮ್ಮ ಓದುವ ಕೋಣೆಗೆ ಹಾಕಿಸ್ಕೊಳ್ತಾರಂತೆ. ಅಲ್ಲಿ ಗ್ರಾನೈಟ್ ನೆಲ, ಬೆಚ್ಚನೆ ಬಲ್ಬು.

ಗೋಡೆ ಉಜ್ಜಿ ನೋಡಿದೆ, ಕೈ ಪೂರ್ತಿ ಬಿಳಿ. ಕೆರೆಸಲೇಬೇಕು.

ಡಬ್ಲಿನ್ ಕನ್ನಡಿಗ

4000ದಲ್ಲಿ ನೀಲಿ ತುಸು ಹಸಿರಿಗೆ ಹೋಗಲ್ವಾ?

ಬೆಳಕಿನ ಲೆಕ್ಕ

ಚೂರು ಹೋಗುತ್ತೆ, 3000ದಷ್ಟಲ್ಲ. ದೀಪ ಮೊದಲು ಹಾಕಿಸಿ, ಅದರಡಿ ಅದೇ ರಟ್ಟನ್ನ ಇನ್ನೊಮ್ಮೆ ನೋಡಿ. ಹಸಿರು ಜಾಸ್ತಿ ಅನ್ನಿಸಿದ್ರೆ ಒಂದು ಮೆಟ್ಟಿಲು ನೀಲಿ ಕಡೆಯ ಶೇಡ್ ತಗೊಳ್ಳಿ. ಬಣ್ಣ ಹೊಡೆಸಿದ ಮೇಲೆ ದೀಪ ಹುಡುಕೋಕೆ ಹೋಗಬೇಡಿ.

ಬ್ರಷ್ಷು-ಬಕೆಟ್ಟು

ಕೆರೆಯೋದು ಇದೆ ಅಂದ್ಮೇಲೆ ಕೆಲಸ ನೀವಂದುಕೊಂಡಿದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತೆ ಮೇಡಂ. ಕೆಂಪು ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಗೋಣಿತಾಟು ಹಾಕಿಸಿ, ಏಣಿ ಕಾಲಿಗೆ ಬಟ್ಟೆ ಕಟ್ಟಿಸಿ. ಗಾರೆ ನೆಲದ ಮೇಲೆ ಗೀರು ಬಿದ್ರೆ ಸರಿ ಮಾಡೋರು ಈಗ ಸಿಗೋದು ಕಷ್ಟ. ಸ್ವಿಚ್‌ಬೋರ್ಡ್ ಮುಚ್ಚಳ ಬಿಚ್ಚಿಸಿಯೇ ಹೊಡೆಸಿ, ಸುತ್ತ ಬ್ರಷ್ ಆಡಿಸೋಕೆ ಬಿಡಬೇಡಿ. ಡಬ್ಬಿ ಮುಚ್ಚಳದ ಮೇಲಿರೋ ಶೇಡ್ ಕೋಡು, ಬೇಸ್ ಯಾವುದು ಅನ್ನೋದು ಫೋಟೋ ತೆಗೆದಿಟ್ಕೊಳ್ಳಿ. ಮಳೆ ನಿಂತು ಗೋಡೆ ಒಣಗಲಿ. ಆದ್ರೆ ಪೇಂಟರಿಗೆ ಅಡ್ವಾನ್ಸ್ ಈಗಲೇ ಕೊಡಿ, ದಸರಾ ಹತ್ರ ಬಂದ್ಮೇಲೆ ಮೈಸೂರಲ್ಲಿ ಒಬ್ಬನೂ ಫೋನ್ ಎತ್ತಲ್ಲ.